ಖಾಲಿ ರೈಲು ಓಡಿಸುವ ಕಲೆ

ಒಂದು ಹಳ್ಳಿ ರೈಲನ್ನು ನಿಲ್ಲಿಸಬೇಕು ಅಂದ್ರೆ ಹಳಿ ಕೀಳುವ ಅವಸರ ಬೇಡ. ಮೊದಲು ಜನ ಹತ್ತದ ಹಾಗೆ ನೋಡಿಕೊಳ್ಳಬೇಕು. ಆಮೇಲೆ ಗುಮಾಸ್ತರನ್ನು ಕಳಿಸಿ ತಲೆ ಎಣಿಸಬೇಕು. 'ಯಾರೂ ಬರ್ತಿಲ್ಲ, ನಾವೇನು ಮಾಡೋಣ' ಅಂತ ಷರಾ ಬರೆದು ಫೈಲು ಕಟ್ಟಬೇಕು. ಈ ವಿದ್ಯೆಯಲ್ಲಿ ಬ್ರಿಟನ್ನಿನ ಸರ್ಕಾರಿ ರೈಲ್ವೆಯಾಗಿದ್ದ ಬ್ರಿಟಿಷ್ ರೈಲ್ವೇಸ್‌ನವರನ್ನು ಮೀರಿಸಿದವರು ಇರಲಿಕ್ಕಿಲ್ಲ. ಅವರ ಕೈಚಳಕ ಪೂರ್ತಿ ಬಯಲಾದದ್ದು ಇಂಗ್ಲೆಂಡಿನ ದಕ್ಷಿಣಕ್ಕಿರುವ ಸಸೆಕ್ಸ್ ಸೀಮೆಯಲ್ಲಿ.

ಅಲ್ಲಿ ಲೂಯಿಸ್ ಕಡೆಯಿಂದ ಈಸ್ಟ್ ಗ್ರಿನ್‌ಸ್ಟೆಡ್‌ಗೆ ಒಂದು ಬ್ರಾಂಚ್ ಲೈನ್ ಇತ್ತು. 1882ರಲ್ಲಿ ಶುರುವಾದದ್ದು. ಸುತ್ತಲಿನ ಜಮೀನುದಾರರೇ ಮುಂದೆ ನಿಂತು ಮಾಡಿಸಿಕೊಂಡ ಲೈನು. ನಡುವೆ ದೊಡ್ಡ ಊರು ಒಂದೂ ಇಲ್ಲ. 1955ರಲ್ಲಿ ನಷ್ಟ ಅಂತ ಹೇಳಿ ಮುಚ್ಚಲು ತೀರ್ಮಾನವಾಯಿತು. ಜೂನ್ 15 ಅಂತ ದಿನವೂ ಗೊತ್ತಾಯಿತು. ಅಷ್ಟರಲ್ಲಿ ಮೇ ಕೊನೆಗೆ ರೈಲು ನೌಕರರ ಮುಷ್ಕರ ಬಂತು. ಗಾಡಿ ಹೇಗೂ ನಿಂತಿದೆ, ಮತ್ತೆ ಶುರು ಮಾಡಿ ಮತ್ತೆ ನಿಲ್ಲಿಸೋ ತಾಪತ್ರಯ ಯಾಕೆ ಅಂತ ಅಲ್ಲಿಗೇ ಕೈ ತೊಳೆದುಕೊಂಡರು. ಬೀಳ್ಕೊಡುಗೆ ಭಾಷಣದ ಖರ್ಚೂ ಉಳಿಯಿತು.

ಎಲ್ಲಾ ಸಲೀಸಾಗಿ ಮುಗಿದಿತ್ತು. ಆದರೆ ಚೈಲಿ ಎಂಬ ಊರಲ್ಲಿ ಮ್ಯಾಜ್ ಬೆಸೆಮರ್ ಅಂತ ಒಬ್ಬರು ಹೆಂಗಸು ಇದ್ದರು. ಸರ್ಕಾರ ಮುಚ್ಚಿದೆ ಅಂದ ಮೇಲೆ ಮುಗೀತು ಅಂತ ನಾವು ನೀವಾದರೆ ಸುಮ್ನಿರುತ್ತಿದ್ದೆವು. ಆಕೆ ಸುಮ್ಮನಿರಲಿಲ್ಲ. ಆ ಲೈನಿಗೆ ಅನುಮತಿ ಕೊಟ್ಟಿದ್ದ 1877 ಮತ್ತು 1878ರ ಕಾಯ್ದೆಗಳನ್ನು ತೆಗೆದು ಓದಿದರು. ಯಾರೂ ಓದಬಾರದು ಅಂತಲೇ ಬರೆದಂತಿರುವ ಕಾಯ್ದೆಗಳು. ಅದರಲ್ಲಿ ಸ್ಪಷ್ಟವಾಗಿತ್ತು: ಈ ಮಾರ್ಗದಲ್ಲಿ ದಿನಕ್ಕೆ ನಾಲ್ಕು ಪ್ರಯಾಣಿಕರ ಗಾಡಿ ಓಡಲೇಬೇಕು, ಇಂತಿಂಥ ಕಡೆ ನಿಲ್ಲಲೇಬೇಕು. ಅಂದರೆ ಲೈನನ್ನು ಮುಚ್ಚುವ ಹಕ್ಕೇ ರೈಲ್ವೆಗೆ ಇರಲಿಲ್ಲ. ಅಷ್ಟೊಂದು ವಕೀಲರನ್ನು ಇಟ್ಟುಕೊಂಡ ಇಲಾಖೆಗೆ ಇದು ಗೊತ್ತಾದದ್ದು ಒಬ್ಬ ಪ್ರಯಾಣಿಕರ ಪತ್ರದಿಂದ.

ಬೇರೆ ದಾರಿ ಇರಲಿಲ್ಲ. 1956ರ ಆಗಸ್ಟ್ 7ರಂದು ರೈಲು ಮತ್ತೆ ಓಡಿತು. ಓಡಿದ ರೀತಿ ಮಾತ್ರ ನೋಡಬೇಕಿತ್ತು. ಬಲವಂತಕ್ಕೆ ಕರೆತಂದ ಅಳಿಯ ಮುಖ ಗಂಟು ಹಾಕಿಕೊಂಡು ಊಟಕ್ಕೆ ಕೂತ ಹಾಗೆ. ಕಾಯ್ದೆಯಲ್ಲಿ ನಾಲ್ಕು ಗಾಡಿ ಅಂತಿದೆಯಾ? ತಗೊಳ್ಳಿ ನಾಲ್ಕು, ಐದನೆಯದು ಕೇಳಬೇಡಿ. ಎಷ್ಟು ಗಂಟೆಗೆ ಅಂತ ಕಾಯ್ದೆ ಹೇಳಿಲ್ಲ ಅಲ್ವಾ? ಹಾಗಾದರೆ ಕೆಲಸಕ್ಕೆ ಹೋಗುವವರಿಗೂ ಬೇಡ, ಮನೆಗೆ ಬರುವವರಿಗೂ ಬೇಡ ಎಂಬಂಥ ಹೊತ್ತು ನೋಡಿ ಟೈಮ್ ಟೇಬಲ್ ಮಾಡಿದರು. ಕಾಯ್ದೆಯಲ್ಲಿ ಬಾರ್ಕಂಬ್ ಮತ್ತು ಕಿಂಗ್ಸ್‌ಕೋಟ್ ಸ್ಟೇಷನ್‌ಗಳ ಹೆಸರಿಲ್ಲವಾ? ಅಲ್ಲಿ ನಿಲ್ಲಿಸುವುದೇ ಇಲ್ಲ.

ಕಿಂಗ್ಸ್‌ಕೋಟ್‌ನವರ ಪಾಡು ಯೋಚಿಸಿ. ಸ್ಟೇಷನ್ ಇದೆ. ಪ್ಲಾಟ್‌ಫಾರ್ಮ್ ಇದೆ. ಹಳಿ ಇದೆ, ಹಳಿ ಮೇಲೆ ಗಾಡಿಯೂ ಬರುತ್ತಿದೆ. ಗಾಡಿಯೊಳಗೆ ಬೇಕಾದಷ್ಟು ಸೀಟು ಖಾಲಿ. ಎಲ್ಲವೂ ಕಣ್ಣೆದುರೇ ಹಾದು ಹೋಗುತ್ತೆ, ನಿಲ್ಲಲ್ಲ. ಯಾಕೆ ಅಂತ ಕೇಳಿದರೆ ಉತ್ತರ ವಿಕ್ಟೋರಿಯಾ ರಾಣಿಯ ಕಾಲದ ಕಾಯ್ದೆಯಲ್ಲಿದೆ. ಹತ್ತಿಸಿಕೊಂಡರೆ ನಾಲ್ಕು ಕಾಸು ಬರುತ್ತಿತ್ತು. ಬಂದುಬಿಟ್ಟರೆ ನಷ್ಟ ತೋರಿಸೋದು ಹೇಗೆ? ಜನ ಈ ಗಾಡಿಗೆ 'ಮುನಿಸಿನ ಸರ್ವಿಸ್' ಅಂತ ಹೆಸರಿಟ್ಟರು.

ಅದೇ ಹೊತ್ತಿಗೆ ರೈಲ್ವೆಯವರು ಪಾರ್ಲಿಮೆಂಟಿಗೆ ಹೋಗಿ ಆ ಷರತ್ತನ್ನೇ ರದ್ದು ಮಾಡಿಸಿಕೊಂಡು ಬಂದರು. 1957ರಲ್ಲಿ ವಿಚಾರಣೆಯೂ ನಡೆಯಿತು. ರೈಲ್ವೆಯವರು ಅಲ್ಲಿ ಟೀಕೆ ಕೇಳಿಸಿಕೊಂಡರು. ಬೈಸಿಕೊಂಡವರಿಗೇ ಕೇಳಿದ್ದು ಸಿಕ್ಕಿತು, ವಿಚಾರಣೆಗಳ ಸೊಗಸೇ ಅದು. 1958ರ ಮಾರ್ಚ್‌ನಲ್ಲಿ ಲೈನು ಎರಡನೇ ಸಲ ಮುಚ್ಚಿತು. ಈ ಸಲ ಕಾನೂನುಬದ್ಧವಾಗಿ.

ಇದೆಲ್ಲಾ ಇನ್ನೂ ತಾಲೀಮು. ನಿಜವಾದ ಪ್ರದರ್ಶನ ಆಮೇಲೆ ಬಂತು. 1963ರಲ್ಲಿ ಬ್ರಿಟಿಷ್ ರೈಲ್ವೇಸ್‌ನ ಅಧ್ಯಕ್ಷ ಡಾ. ರಿಚರ್ಡ್ ಬೀಚಿಂಗ್ ವರದಿ ಕೊಟ್ಟು 2,363 ನಿಲ್ದಾಣ ಮುಚ್ಚಿ ಅಂದರು. ಜನ ಎಷ್ಟು ಓಡಾಡುತ್ತಾರೆ ಅಂತ ಅಳೆದದ್ದು 1961ರ ಏಪ್ರಿಲ್‌ನ ಒಂದೇ ವಾರ. ಕಡಲ ತೀರದ ಊರುಗಳಿಗೆ ಬೇಸಿಗೆ ರಜೆಯಲ್ಲಿ ಜನ ಮುಗಿಬಿದ್ದು ಹೋಗುತ್ತಿದ್ದ ದೇಶ ಅದು. ಎಣಿಸಿದ್ದು ರಜೆಗೆ ಎಷ್ಟೋ ಮೊದಲು, ಚಳಿ ಇನ್ನೂ ಬಿಡದ ತಿಂಗಳಲ್ಲಿ. ಆಗಿನ ಸಾರಿಗೆ ಸಚಿವ ಅರ್ನೆಸ್ಟ್ ಮಾರ್ಪಲ್ಸ್, ಮಾರ್ಪಲ್ಸ್ ರಿಜ್‌ವೇ ಅನ್ನುವ ಕಂಪನಿ ಹುಟ್ಟುಹಾಕಿದವರಲ್ಲಿ ಒಬ್ಬರು. ಆ ಕಂಪನಿಯ ಕಸುಬು ರಸ್ತೆ ಕಟ್ಟೋದು. ಕಾಕತಾಳೀಯ, ಅಷ್ಟೇ.

ಜನರಿಗೆ ದೂರು ಹೇಳಿಕೊಳ್ಳಲು ಪ್ರಯಾಣಿಕರ ಸಮಿತಿಗಳೂ ಇದ್ದವು. ಅಲ್ಲಿ ಒಂದು ನಿಯಮ. ರೈಲು ನಿಂತರೆ ನಿಮಗೆ ಎಷ್ಟು ಕಷ್ಟ ಅಂತ ಹೇಳಬಹುದು. ರೈಲ್ವೆಯ ಲೆಕ್ಕ ಸರಿ ಇಲ್ಲ ಅಂತ ವಾದಿಸುವ ಹಾಗಿಲ್ಲ. ಅಳೋದಕ್ಕೆ ಅಡ್ಡಿ ಇಲ್ಲ, ಲೆಕ್ಕದ ಪುಸ್ತಕ ಮಾತ್ರ ಮುಟ್ಟಬೇಡಿ. ಇನ್ನು ಬೀಚಿಂಗ್ ಸಾಹೇಬರಿಗೆ 1965ರಲ್ಲಿ ಲಾರ್ಡ್ ಪದವಿ ಬಂತು. 1969ರಲ್ಲಿ ಡೆವನ್‌ನ ಡಾರ್ಟ್ ಕಣಿವೆಯಲ್ಲಿ ಮುಚ್ಚಿದ್ದ ಒಂದು ಬ್ರಾಂಚ್ ಲೈನನ್ನು ಅಭಿಮಾನಿಗಳು ಮತ್ತೆ ಶುರು ಮಾಡಿದಾಗ ಉದ್ಘಾಟನೆಗೆ ಕರೆದದ್ದು ಅವರನ್ನೇ. ಅವರು ಹೋದರು ಕೂಡ. ಎರಡು ವರ್ಷದಲ್ಲಿ ಆ ಲೈನಿನ ಒಂದು ತುದಿ ಎ38 ರಸ್ತೆಯ ಪಾಲಾಯಿತು.

ಸಸೆಕ್ಸ್‌ಗೆ ವಾಪಸ್ ಬರೋಣ. ಅಲ್ಲಿ ಒಂದಷ್ಟು ರೈಲು ಹುಚ್ಚಿನವರು ಸೇರಿ ಸಂಘ ಕಟ್ಟಿದರು. 1960ರ ಆಗಸ್ಟ್ 7ರಂದು ಆ ಹಾದಿಯ ಒಂದು ತುಂಡಿನಲ್ಲಿ ತಮ್ಮದೇ ಉಗಿಬಂಡಿ ಓಡಿಸಿದರು. ಬ್ಲೂಬೆಲ್ ರೈಲ್ವೆ ಅಂತ ಹೆಸರು. ಜನರೇ ಇಲ್ಲ ಅಂದಿದ್ದ ಹಾದಿಗೆ ಜನ ಟಿಕೆಟ್ ಕೊಂಡು ಬಂದರು. ಎಲ್ಲಿಗೂ ಹೋಗುವ ತುರ್ತಿಲ್ಲ, ಸುಮ್ನೆ ಕೂತು ಬರೋಕೆ.

ಅವರಿಗೆ ಈಸ್ಟ್ ಗ್ರಿನ್‌ಸ್ಟೆಡ್ ತನಕ ಹೋಗುವ ಆಸೆ. ಅಡ್ಡ ಬಂದದ್ದು ಕಸ. ಲೈನು ಮುಚ್ಚಿದ ಮೇಲೆ ಇಂಬರ್‌ಹಾರ್ನ್ ಹತ್ತಿರ ಗುಡ್ಡ ಸೀಳಿ ಮಾಡಿದ್ದ ರೈಲು ದಾರಿ ಖಾಲಿ ಬಿದ್ದಿತ್ತು. ಖಾಲಿ ಜಾಗ ಕಂಡರೆ ಪುರಸಭೆಗಳಿಗೆ ಎಲ್ಲಾ ದೇಶದಲ್ಲೂ ಒಂದೇ ಯೋಚನೆ ಬರುತ್ತೆ. 1960ರ ದಶಕದ ಕೊನೆಯಿಂದ ಊರಿನ ಮನೆಕಸ ತಂದು ಸುರಿದು ದಾರಿಯನ್ನು ಮುಚ್ಚಿಬಿಟ್ಟಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಇಲ್ಲಿ ದೊಣ್ಣೆಯವರು ಮಡಕೆಚೂರಿನ ಮೇಲೆ ಕಸವನ್ನೂ ಹಾಕಿ ಹೋಗಿದ್ದರು.

ಸುರಿದವರು ಯಾರೋ, ತೆಗೆಯುವವರು ಇವರು. ಒಬ್ಬೊಬ್ಬರಿಂದ ಹತ್ತು ಹತ್ತು ಪೌಂಡ್ ಚಂದಾ ಎತ್ತಿದರು. ದೇವಸ್ಥಾನಕ್ಕೆ, ಶಾಲೆಗೆ ಚಂದಾ ಕೇಳಿದ್ದೇವೆ. ಪುರಸಭೆಯ ಹಳೇ ಕಸ ಹೊರೋಕೆ ಚಂದಾ ಕೊಟ್ಟ ಜನ ಇವರೇ ಇರಬೇಕು. ಜೊತೆಗೆ ಅವಸರ ಬೇರೆ. 2012ರ ಮಾರ್ಚ್ ಕಳೆದರೆ ಕಸವನ್ನು ಗುಂಡಿಗೆ ಸುರಿಯಲು ಕಟ್ಟಬೇಕಾದ ತೆರಿಗೆಯಿಂದ ಸಿಕ್ಕಿದ್ದ ವಿನಾಯಿತಿ ಮುಗಿಯುತ್ತಿತ್ತು. ಅಷ್ಟೊಂದು ಕಸ ಬೇಗ ಸಾಗಿಸೋದು ಹೇಗೆ? ಕೊನೆಗೆ ರೈಲನ್ನೇ ತರಿಸಿದರು. ಒಂದೊಂದು ಗಾಡಿಯೂ ಭರ್ತಿಯಾಗಿ ಹೊರಟಿತು. ಗುಮಾಸ್ತರು ಎಣಿಸೋಕೆ ಬರಬೇಕಿದ್ದ ದಿನ ಅದು.

2013ರ ಮಾರ್ಚ್ 23ರಂದು ಈಸ್ಟ್ ಗ್ರಿನ್‌ಸ್ಟೆಡ್‌ಗೆ ಗಾಡಿ ಮುಟ್ಟಿತು. ಈಗ ದಾರಿಯಲ್ಲಿ ಕಿಂಗ್ಸ್‌ಕೋಟ್‌ನಲ್ಲೂ ನಿಲ್ಲುತ್ತೆ. ಯಾವ ಕಾಯ್ದೆಯ ಪ್ರಕಾರ ಅಂತ ಇನ್ನೂ ಯಾರೂ ಕೇಳಿಲ್ಲ.