ಮಷೀನ್ ಕಸೂತಿಯೂ ಕೈಚಳಕವೇ

ಪಶ್ಚಿಮ ಆಫ್ರಿಕಾದ ಗಂಡಸರು ತೊಡುವ ದೊಗಲೆ ನಿಲುವಂಗಿ ಬಬ್ಬನ್ ರಿಗಾ ಕುರಿತ ನಿಮ್ಮ ಲೇಖನದಲ್ಲಿ ‘ಮಷೀನ್ ಬಂದ ಮೇಲೆ ಬಬ್ಬನ್ ರಿಗಾ ಕಸೂತಿಯಲ್ಲಿ ಕೌಶಲವೇ ಉಳಿದಿಲ್ಲ’ ಎಂದು ಬರೆದಿದ್ದೀರಿ. ಈ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ. ಕೆಲಸದ ಮೇಲೆ ನೈಜೀರಿಯಾದ ಕಾನೋದಲ್ಲಿದ್ದಾಗ ದರ್ಜಿಗಳ ಪಕ್ಕ ಕೂತು ನೋಡಿದ್ದೇನೆ. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಗೆರೆ ಇದ್ದರೆ ಅದೇ ಜಾಸ್ತಿ. ಮಷೀನಿನಲ್ಲಿ ಬಟ್ಟೆಯನ್ನು ತಾನಾಗಿ ಮುಂದಕ್ಕೆ ಎಳೆಯುವ ಏರ್ಪಾಡು ಇರುವುದಿಲ್ಲ. ಎರಡೂ ಕೈಯಲ್ಲಿ ಬಟ್ಟೆ ತಿರುಗಿಸುತ್ತಾ, ಮೊಣಕಾಲಿನಿಂದ ಮಷೀನಿನ ಸನ್ನೆಕೋಲು ಒತ್ತಿ ಹೊಲಿಗೆಯ ಅಗಲ ಹಿಗ್ಗಿಸಬೇಕು, ಕುಗ್ಗಿಸಬೇಕು. ಕೈ ಒಂಚೂರು ನಿಂತರೂ ದಾರ ಅಲ್ಲೇ ಗುಡ್ಡೆ ಬಿದ್ದು ಸುರುಳಿಯ ಅಂದ ಕೆಡುತ್ತದೆ. ಇದು ಸುಮ್ನೆ ಗುಂಡಿ ಒತ್ತುವ ಕೆಲಸ ಅಲ್ಲ. ಕಂಪ್ಯೂಟರ್ ಮಷೀನಿನ ಕಥೆ ಬೇರೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಚಾಕುವಿನಂತೆ ಚೂಪಾದ ಆಕಾರಗಳಿರುವ ‘ಎಂಟು ಚಾಕು’ ಎಂಬ ಕಸೂತಿ ವಿನ್ಯಾಸವನ್ನು ಪೂರ್ತಿ ಕೈಯಲ್ಲೇ ಹೊಲಿದ ನಿಲುವಂಗಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಅದರ ಬೆಲೆಯೂ ಹಾಗೇ. ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಮದುವೆಗೆ, ಈದ್‌ಗೆ ಅಂತ ಸಾಮಾನ್ಯ ಜನರಿಗೆ ಬಟ್ಟೆ ಹೊಲಿದುಕೊಡುವವರು ಈ ಮಷೀನಿನವರೇ ಅಲ್ವಾ? ಅವರಲ್ಲಿ ಒಬ್ಬರನ್ನಾದರೂ ಮಾತಾಡಿಸಿ ಲೇಖನಕ್ಕೆ ಸೇರಿಸಿ.