ಮಾಳಢೋಕ್ ನೋಡಾಕ ಕಡಕ್ ರೊಟ್ಟಿ ಒಯ್ಯಬಾರದು

ಅಭಯಾರಣ್ಯಕ್ಕ ಹೋಗಿ ಬಂದವರನ್ನ ಇನ್ನೂ ಚಪ್ಪಲ್ ಬಿಡೂದ್ರಾಗನೇ "ಏನೇನ್ ಕಂಡ್ರಿ?" ಅಂತ ಕೇಳೋ ಮಂದಿ ಅದಾರಲ್ಲ, ಅವರ ಮ್ಯಾಲ ನನಗ ಭಾಳ ಸಿಟ್ಟದ. ಲಗ್ನಕ್ಕ ಹೋಗಿ ಬಂದ್ರ ಊಟ ಹ್ಯಾಂಗಿತ್ತು ಅಂತೀರಿ, ಇಲ್ಲಿ ಮಾತ್ರ ಲೆಕ್ಕ ಒಪ್ಪಿಸಬೇಕೇನು?

ದೀಪಾವಳಿ ಸೂಟಿಗೆ ಪುಣೆಯಿಂದ ಅಕ್ಕ, ಮಾಮಾ, ಅವರ ಹುಡುಗ್ರು ಬಂದಿದ್ರು, ಸಿದ್ಧೇಶ್ವರ ಗುಡಿ ಆತು, ಕೋಟಿ ಆತು, ಅಕ್ಕಲಕೋಟಕ್ಕೂ ಹೋಗಿ ಬಂದಿದ್ದಾತು, ಇನ್ನ ಉಳಿದದ್ದು ಬಾರ್ಶಿ ರೋಡಿನ ನಾನ್ನಜ್ ಅಭಯಾರಣ್ಯ. ಮಾಳಢೋಕ್ ಹಕ್ಕಿ ಇರೋ ಜಾಗ, ನಮ್ಮ ಕಡಿ ಹಳಬ್ರು ಎರ್ಲಡ್ಡು ಅಂತಾರ. ಸೋಲಾಪುರದಾಗ ಇದ್ದೂ ನೋಡಿಲ್ಲ ಅಂದ್ರ ಹ್ಯಾಂಗ ಅಂತ ಮಾಮಾ ಸುರು ಮಾಡಿದ. ಒಂದೊಂದು ಗಂಡು 15 ಕಿಲೋ ತನಕಾ ತೂಗ್ತದ, ಅಷ್ಟ್ ಭಾರ ಹೊತ್ತು ಹಾರ್ತದ, ಹೆಣ್ಣು ಇಡೋದು ಒಂದೇ ತತ್ತಿ, ಅದೂ ಗೂಡಿಲ್ಲದ ಬರೇ ನೆಲದ ಮ್ಯಾಲ. ಇಡೀ ದೇಶದಾಗ ಈಗ ಉಳಿದಿದ್ದು 150ರ ಆಸುಪಾಸು. ಪಕ್ಷಿತಜ್ಞ ಸಲೀಂ ಅಲಿ ಅವ್ರು ಇದನ್ನೇ ರಾಷ್ಟ್ರಪಕ್ಷಿ ಮಾಡ್ರಿ ಅಂದಿದ್ರು, 1963ರಾಗ ನವಿಲಿಗೆ ಆ ಮಾನ ಸಿಕ್ತು.

ಈ ಅಭಯಾರಣ್ಯದ ಕತಿನೂ ಮಜಾ ಅದ. 1979ರಾಗ 8,496 ಚದರ ಕಿಲೋಮೀಟರ್ ಬರೆದುಬಿಟ್ರು, ಸೋಲಾಪುರ, ಅಹಮದನಗರ ಎರಡೂ ಜಿಲ್ಲಾದಾಗ ಊರು, ಹೊಲ, ಕಬ್ಬು ಎಲ್ಲಾ ಹಕ್ಕಿ ಹೆಸರಿಗೆ. ಹೊಲದವರು ಬೈದ್ರು, ಬೈಬೇಕಾದ್ದೇ, ಆಮ್ಯಾಲ ಕತ್ತರಿಸಿ 1,222ಕ್ಕ ತಂದ್ರು. ಕಾಗದದ ಮ್ಯಾಲ ಹಿಗ್ಗೂದು ಕುಗ್ಗೂದು ನಡೀತು, ಮೊದಲ ಆ ಹಕ್ಕಿ ಕಣ್ಣಿಗೆ ಹಾರೂ ಮುಂದ ಎದುರಿಂದು ಸರಿ ಕಾಣಂಗಿಲ್ಲ, ಅದಕ್ಕ ಬಡಿಯಾಕ ಅಂತನೇ ಮ್ಯಾಲ ಕರೆಂಟಿನ ತಂತಿ ಎಳೀತಾನೇ ಬಂದ್ರು.

ಇರ್ಲಿ. ನಾ ಹೇಳ್ಬೇಕಾದ್ದು ರೊಟ್ಟಿ ಬಗ್ಗೆ.

ಅವ್ವ ಎಲ್ಲಿ ಹೊಂಟ್ರೂ ಕಡಕ್ ರೊಟ್ಟಿ ಕಟ್ಟತಾಳ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜ್ವಾಳದ್ದು ಬ್ಯಾರೆ, ಜೋಡಿಗೆ ಶೇಂಗಾ ಚಟ್ನಿ. ಚಟ್ನಿ ಒಳ್ಳಾಗ ಎಣ್ಣಿ ಬಿಡೂ ತನಕಾ ಕುಟ್ಟಬೇಕು, ಮಿಕ್ಸರಿಗೆ ಹಾಕಿದ್ರ ಅದು ಬರೇ ಪುಡಿ, ಈ ಮಾತಿಗೆ ಅಕ್ಕಗೂ ಅವ್ವಗೂ ಪ್ರತಿ ಸೂಟಿ ಒಂದು ಜಗಳ ಆಗ್ಲೇಬೇಕು, ಕಾರಿನಾಗೂ ಆತು. ಅಲ್ಲಿ ಅರಣ್ಯ ಇಲಾಖೆಯಂವ ಒಬ್ಬ ನಮ್ಮನ್ನ ಕರಕೊಂಡು ಹೋಗಿ ನೆರಳಾಗ ಕುಂಡ್ರಿಸಿ, ಮರಾಠಿಯೊಳಗ, ಗಪ್ಪ ಕೂಡ್ರಿ, ಸಪ್ಪಳ ಬ್ಯಾಡ ಅಂದ. ಎದುರಿಗೆ ಒಣ ಹುಲ್ಲು, ದೂರದಾಗ ಚಿಗರಿ ಹಿಂಡು. ಅಷ್ಟರಾಗ ಹುಡುಗ್ರಿಗೆ ಹಸಿವಾತು, ಡಬ್ಬಿ ತಗದ್ವಿ. ಮದಲನೇ ರೊಟ್ಟಿ ಅಪ್ಪ ಮುರದ. ಕಟಂ! ಚಿಗರಿ ಎಲ್ಲಾ ಒಮ್ಮೆಲೆ ತಲಿ ಎತ್ತಿ ನಮ್ಮ ಕಡಿ. ಆಮ್ಯಾಲ ನಡೆದ ಊಟ ನಮ್ಮ ಮನಿತನದಾಗೇ ಎಂದೂ ಆಗಿಲ್ಲ. ಸೆರಗಿನಾಗ ಸುತ್ತಿ ಮುರಿಯಾಕ ಹತ್ತಿದ್ರು, ಹುಡುಗ್ರು ಮುರಿದಾಗೊಮ್ಮೆ ಕೆಮ್ಮಾಕ ಹತ್ತಿದ್ವು, ಮಾಮಾ ಅಂತೂ ತುಂಡು ಬಾಯಾಗ ಇಟ್ಕೊಂಡು ನೆನೆಯೂ ತನಕಾ ಕಣ್ಣು ಮುಚ್ಚಿ ಧ್ಯಾನಕ್ಕ ಕುಂತಂಗ ಕುಂತುಬಿಟ್ಟ. ಅಕ್ಕಗ ನಗಿ ತಡೀಲಾರದ ಚಟ್ನಿ ನೆತ್ತಿಗೇರ್ತು. ಚಿಗರಿ ಒಂದಿಷ್ಟೊತ್ತು ನೋಡಿದ್ವು, ಇವರಿಂದ ಏನೂ ಆಗಂಗಿಲ್ಲ ಅಂತ ಗೊತ್ತಾತೋ ಏನೋ, ಮತ್ತ ಹುಲ್ಲಿಗೆ ಬಾಯಿ ಹಾಕಿದ್ವು.

ನಮ್ಮದಾದ್ರೂ ರೊಟ್ಟಿ ಸಪ್ಪಳ. ಆಮ್ಯಾಲ ಬಂದ ಕಾರಿನವರು ಡೋರ್ ತಗದಿಟ್ಟು ಹಾಡು ಹಚ್ಚಿ, ಹತ್ತು ಮಿನಿಟಿಗೆ ಪೈಸಾ ವಸೂಲ್ ಆಗ್ಲಿಲ್ಲ ಅಂತ ಇಲಾಖೆಯವನ್ನೇ ಜೋರು ಮಾಡಾಕ ಹತ್ತಿದ್ರು. ಹಕ್ಕಿ ಏನು ಅವನ ಕಿಸೇದಾಗ ಅದ ಏನ್ರಿ? ಇಂಥವರನ್ನ ಗೇಟಿನಾಗೇ ತಿರುಗಿಸಿ ಕಳಸಬೇಕು, ನನ್ನ ಕೈಯಾಗ ಇದ್ರ ಕಳಸ್ತಿದ್ದೆ.

ಮಾಳಢೋಕ್ ನಮಗೂ ಕಾಣ್ಲಿಲ್ಲ. ಕಾಣದಿದ್ರೂ ದಿನ ಚಂದ ಹೋತು, ಅದ್ಯಾಕ ಅಂತ ಬರೀಬೇಕಂತ ಕುಂತಿದ್ದೆ, ಆದ್ರ ನೋಡ್ರಿ, ನೆನಪಿಗೆ ಬರೋದು ಬ್ಯಾರೇನೇ. ಹೊಂಡೂ ಮುಂದ ಅವ್ವ ಆ ಇಲಾಖೆಯವಗ ಎರಡು ರೊಟ್ಟಿ, ಮುಷ್ಟಿ ಚಟ್ನಿ ಕೊಟ್ಲು. ಅಂವ ತಿಂದು, ಚಲೋ ಅದ ಆಯಿ, ನಮ್ಮ ಮನಿಯಾಕಿ ಬಳ್ಳೊಳ್ಳಿ ಇನ್ನೊಂದೀಟು ಜಾಸ್ತಿ ಹಾಕ್ತಾಳ ಅಂದ. ಅಷ್ಟೇ. ಸೋಲಾಪುರ ಮುಟ್ಟೂ ತನಕಾ ಅವ್ವ ಬಳ್ಳೊಳ್ಳಿ ಬಿಟ್ಟು ಬ್ಯಾರೆ ಮಾತಾಡ್ಲಿಲ್ಲ, ಅಕ್ಕ ಬೇಕಂತನೇ, ಅಂವ ಹೇಳಿದ್ದೂ ಖರೇನೇ ಇರಬೇಕು ಬಿಡವ್ವಾ, ಅಂದ್ಲು.