ನಿಲ್ಲು ಅಂದದ್ದೇ ತಪ್ಪಾಯ್ತು

ಶನಿವಾರದಿಂದ ನನಗೂ ಒಂದು ಪುಟ್ಟ ಬ್ರಷ್ಷಿಗೂ ಆಗಿಬರುತ್ತಿಲ್ಲ. ಇವತ್ತು ಮಂಗಳವಾರ. ಸಿಟ್ಟು ಇನ್ನೂ ಇಳಿದಿಲ್ಲ.

ನ್ಯೂಜೆರ್ಸಿಯಲ್ಲಿ ಸಾಫ್ಟ್‌ಬಾಲ್ (ಬೇಸ್‌ಬಾಲಿನ ತಂಗಿಯಂಥ ಆಟ) ಆಡುವ ಮಗಳಿರುವ ಮನೆಯ ಶನಿವಾರ ಹೇಗಿರುತ್ತದೆ ಅಂತ ನಿಮಗೂ ಗೊತ್ತು. ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ, ನಮ್ಮ ಸರದಿಯಿದ್ದರೆ ಒಂದು ಡಬ್ಬಿ ಕಿತ್ತಳೆ ಹೋಳು. ಹೊರಡುವ ಹೊತ್ತಿಗೆ ಒಂದೇ ಕಾಲಿನ ಸಾಕ್ಸ್ ಸಿಗುತ್ತದೆ. ಮಗಳಿಗೆ 11 ವರ್ಷ. ರನ್ನಿಗಾಗಿ ಓಡುವವರು ಒಂದೊಂದಾಗಿ ಮುಟ್ಟುತ್ತಾ ಹೋಗಬೇಕಾದ ಠಾಣೆಗಳೇ ಬೇಸು; ಬೇಸಿನಿಂದ ಬೇಸಿಗೆ 60 ಅಡಿ. ನಮ್ಮ ಕ್ರಿಕೆಟ್ ಪಿಚ್ಚು 66 ಅಡಿ ಅಲ್ವಾ? ಆರಡಿ ಕಮ್ಮಿಯೇ ಇದೆ, ಇದರಲ್ಲೇನು ಮಹಾ ಅಂದುಕೊಂಡೇ ನಾನು ಈ ಆಟ ನೋಡಲು ಕೂತದ್ದು.

ಅಂಪೈರ್ ಒಬ್ಬರೇ, ಹಿರಿಯರು. ಅವರ ಜೇಬಿನಲ್ಲೇ ಆ ಬ್ರಷ್ ಇರುವುದು. ಹೋಂ ಪ್ಲೇಟಿನ, ಅಂದರೆ ಬ್ಯಾಟ್ ಮಾಡುವವಳ ಪಕ್ಕ ನೆಲದಲ್ಲಿರುವ ಬಿಳಿ ಹಲಗೆಯ, ಧೂಳು ಗುಡಿಸಲಿಕ್ಕೆ. ಗುಡಿಸುವಾಗ ಮೈದಾನಕ್ಕೆ ಬೆನ್ನು ಹಾಕುವುದು ಪದ್ಧತಿ, ಅಂದರೆ ಮುಖ ನಮ್ಮ ಕಡೆ. ಪ್ಲೇಟಿನ ಮೇಲೆ ಧೂಳಿರಲಿ ಬಿಡಲಿ, ಅಪ್ಪ ಅಮ್ಮಂದಿರಲ್ಲಿ ಯಾರಾದರೂ ಬಾಯಿ ತೆರೆದರೆ ಸಾಕು, ಬ್ರಷ್ ಹೊರಗೆ ಬರುತ್ತದೆ. ನಿಧಾನಕ್ಕೆ ಬಗ್ಗುತ್ತಾರೆ. ಒಂದೊಂದೇ ಮೂಲೆ ಗುಡಿಸುತ್ತಾರೆ. ನಮ್ಮಜ್ಜಿಯೂ ಹಾಗೇ, ಸಾಲ ಕೇಳುವವರು ಬಾಗಿಲಿಗೆ ಬಂದರೆ ಪೊರಕೆ ಹಿಡಿಯುತ್ತಿದ್ದರು.

ಮೂರನೇ ಇನ್ನಿಂಗ್ಸ್. ಎದುರು ತಂಡದ ಹುಡುಗಿಯೊಬ್ಬಳು ಮೂರನೇ ಬೇಸಿನಲ್ಲಿದ್ದಳು. ಚೆಂಡು ಎತ್ತರಕ್ಕೆ ಹೋಯಿತು, ನಮ್ಮವಳೊಬ್ಬಳು ಚೆನ್ನಾಗಿಯೇ ಹಿಡಿದಳು. ಆದರೆ ಚೆಂಡು ಗ್ಲೌಸಿಗೆ ತಾಗುವ ಮೊದಲೇ ಆ ಹುಡುಗಿ ಬೇಸ್ ಬಿಟ್ಟು, ಓಡಿ, ರನ್ ಗಳಿಸಿಬಿಟ್ಟಿದ್ದಳು. ನಾನು ಕಣ್ಣಾರೆ ಕಂಡೆ. ಹೀಗೆ ಕ್ಯಾಚಿಗೆ ಮೊದಲೇ ಬೇಸ್ ಬಿಟ್ಟದ್ದಕ್ಕೆ ಔಟ್ ಬೇಕಾದರೆ ಫೀಲ್ಡಿಂಗ್ ಮಾಡುವವರು ಅಪೀಲ್ ಮಾಡಬೇಕು, ಕೇಳದೆ ಅಂಪೈರ್ ತುಟಿ ಬಿಚ್ಚುವುದಿಲ್ಲ. ಇಡೀ ಆಟದಲ್ಲಿ ನನಗೆ ಸರಿಯಾಗಿ ಅರ್ಥವಾಗುವ ನಿಯಮ ಇದೊಂದೇ. ಆದರೆ ನಮ್ಮ ಹುಡುಗಿಯರು ಕ್ಯಾಚ್ ಹಿಡಿದ ಖುಷಿಯಲ್ಲಿ ಕುಣಿಯುತ್ತಿದ್ದರು. ತಡೆಯಲಾಗಲಿಲ್ಲ. ಎರಡೂ ಕೈ ಎತ್ತಿ "ಹೌಸ್ಸಾಟ್!" ಅಂದೆ. ಕಾಫಿ ಪಕ್ಕದವರ ನಾಯಿಯ ಮೇಲೆ ಬಿತ್ತು.

ಬ್ರಷ್ ಹೊರಗೆ ಬಂತು.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಐದನೇ ಇನ್ನಿಂಗ್ಸಿನಲ್ಲಿ ಮಗಳು ಒಂದು ಒಳ್ಳೆ ಹೊಡೆತ ಹೊಡೆದಳು. ಮೊದಲ ಬೇಸ್ ತುಳಿದು, ಎರಡನೆಯದರ ಕಡೆ ಏಳೆಂಟು ಹೆಜ್ಜೆ ದಾಟಿದಳು. ಅಷ್ಟರಲ್ಲಿ ಚೆಂಡು ಪಿಚರ್ (ಇಲ್ಲಿಯ ಬೌಲರ್) ಕೈಗೆ ವಾಪಸ್ ಬಂತು. ಪಿಚರ್ ಸುತ್ತ ಸುಣ್ಣದಲ್ಲಿ ಬರೆದ ಒಂದು ವೃತ್ತವಿರುತ್ತದೆ, ನಡುವಿನಿಂದ ಅಂಚಿಗೆ 8 ಅಡಿ. ಸುಮ್ನೆ ರಂಗೋಲಿ ಅಂದುಕೊಂಡಿದ್ದೆ. ಲಕ್ಷ್ಮಣರೇಖೆಯಂತೆ! ಪಿಚರ್ ಚೆಂಡು ಹಿಡಿದು ಅದರೊಳಗೆ ನಿಂತಳೆಂದರೆ, ಓಡುವವಳು ಒಂದೇ ಒಂದು ಸಲ ನಿಲ್ಲಬಹುದು. ಆಮೇಲೆ ತಕ್ಷಣ ಮುಂದಕ್ಕೋ ಹಿಂದಕ್ಕೋ ಹೋಗಲೇಬೇಕು. ಹೊರಟ ಮೇಲೆ ಮನಸ್ಸು ಬದಲಾಯಿಸುವ ಹಾಗಿಲ್ಲ. ಇದು ಗೊತ್ತಾಗಿದ್ದು ಭಾನುವಾರ, ನಿಯಮದ ಪುಸ್ತಕ ಓದಿದ ಮೇಲೆ.

ಶನಿವಾರ ನಾನು "ನಿಲ್ಲು!" ಅಂತ ಕೂಗಿದೆ. ನಿಂತಳು. ನನ್ನ ಹೆಂಡತಿ "ಓಡೇ!" ಅಂದಳು. ಎರಡನೇ ಬೇಸಿನ ಕಡೆ ಎರಡು ಹೆಜ್ಜೆ ಇಟ್ಟಳು. "ಬೇಡ ಬೇಡ, ವಾಪಸ್ ಬಾ!" ಅಂದೆ. ಪಾಪ, ತಿರುಗಿದಳು.

ಔಟ್!

ಯಾರೂ ಚೆಂಡು ಎಸೆದಿಲ್ಲ. ಯಾರೂ ಅವಳನ್ನು ಮುಟ್ಟಿಲ್ಲ. ಪಿಚರ್ ಆ ವೃತ್ತದಲ್ಲಿ ಗಂಟೆ ಹಿಡಿದ ಪೂಜಾರಿಯ ಹಾಗೆ ನಿಂತೇ ಇದ್ದಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಇಲ್ಲಿ ಕೂಸು ಔಟೇ ಆಯಿತು. "ಅದು ಹೇಗ್ರೀ ಔಟು?" ಅಂತ ಕನ್ನಡದಲ್ಲೇ ಎದ್ದು ನಿಂತೆ. ಆ ಮಹಾನುಭಾವರು ಬಗ್ಗಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು, ಪ್ಲೇಟನ್ನು ಎರಡು ಸಲ ಗುಡಿಸಿದರು.

ಹಾಸನದ ನಮ್ಮ ಬೀದಿಯಲ್ಲೂ ನಿಯಮಗಳಿದ್ದವು. ಎದುರು ಮನೆಯ ಕಾಂಪೌಂಡಿಗೆ ಚೆಂಡು ಬಿದ್ದರೆ ಔಟು. ಆ ಮನೆಯವರು ಊರಿಗೆ ಹೋಗಿದ್ದರೆ ನಾಲ್ಕು ರನ್ನು. ಜಗಳ ಜಾಸ್ತಿಯಾದರೆ "ದೇವರಾಣೆ?" "ದೇವರಾಣೆ." ಮುಗಿಯಿತು. ಅಪ್ಪ ಒಂದು ದಿನವೂ ಬಂದು ನೋಡಿದವರಲ್ಲ. ನಾನು ಬಲಗೈ ಬ್ಯಾಟ್ಸ್‌ಮನ್ನೋ ಎಡಗೈಯೋ, ಅವರಿಗೆ ಕೊನೆಯವರೆಗೂ ಗೊತ್ತಿರಲಿಲ್ಲ ಅನಿಸುತ್ತದೆ. ಒಂದು ಸಲವಾದರೂ ಬಂದು ತಪ್ಪಾಗಿಯಾದರೂ ಏನಾದರೂ ಕೂಗಬಾರದಿತ್ತೇ.

ಕಾರಿನಲ್ಲಿ ಮಗಳು ಕಿತ್ತಳೆ ತಿನ್ನುತ್ತಾ ಹೇಳಿದಳು, "ಅಪ್ಪಾ, ಇನ್ಮೇಲೆ ಇಂಗ್ಲಿಷಲ್ಲಿ ಕೂಗು. ಅಲ್ಲಿ ಎಲ್ಲರೂ ಇಂಗ್ಲಿಷಲ್ಲೇ ಕೂಗ್ತಾರೆ, ನಂಗೆ ಯಾವ್ದೂ ಕೇಳ್ಸಲ್ಲ. ನೀನು ಕನ್ನಡದಲ್ಲಿ ಕೂಗಿದ್ರೆ ನಿಂತ್ಬಿಡ್ತೀನಿ."

ಹೆಂಡತಿ ಒಪ್ಪಿಲ್ಲ. ಬರುವ ಶನಿವಾರ ನನ್ನ ಕುರ್ಚಿ ಮೈದಾನದ ಆಚೆ ತುದಿಯ ಬೇಲಿ ಪಕ್ಕ ಅಂತ ತೀರ್ಮಾನವಾಗಿದೆ. ಅಪೀಲಿಗೆ ಅವಕಾಶವಿಲ್ಲ.